ಮೊದಲ ಆ ಚುಕ್ಕಿ ತಗೀರಿ

5,24,256 ಆರಂಕಿಯ ಸಮಸಂಖ್ಯೆ. ಬಾಗಲಕೋಟೆ ಜಿಲ್ಲೆಯಲ್ಲಿ ಅದನ್ನು ಪೂರ್ಣಾಂಕವಾಗಿ ಓದುವವರಿಲ್ಲ. ನಡುವೆ ಚುಕ್ಕಿಯಿಟ್ಟು 524.256 ಮೀಟರ್, ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯನ್ನು ಏರಿಸಬೇಕಿರುವ ಎತ್ತರ ಎಂದೇ ಬೀಳಗಿಯಿಂದ ರಬಕವಿ-ಬನಹಟ್ಟಿಯವರೆಗೂ ಓದುತ್ತಾರೆ. ಆ ಸಂಖ್ಯೆಯನ್ನೇ ಕೂರಿಸಿಕೊಂಡು ಮಾಡಿದ ಸಂದರ್ಶನದುದ್ದಕ್ಕೂ ಅದರ ತಕರಾರು ಇದೊಂದೇ.

“ಮಿಲಿಮೀಟರಿನ್ಯಾಗ ಎಣಿಸಿದ್ರ ನಾ ಪೂರ್ಣಾಂಕ ಅದೀನ್ರಿ. ಹೊಟ್ಟ್ಯಾಗ ಚುಕ್ಕಿ ಚುಚ್ಚಿ ಐನೂರ ಚಿಲ್ಲರೆ ಮಾಡಿ ಕುಂದರ್ಸ್ಯಾರ.”

ಮುಳುಗಡೆ ಪರಿಹಾರದ ಮಾತೆತ್ತಿದರೆ ಸಂಖ್ಯೆ ತನ್ನ ವಂಶಾವಳಿ ಬಿಚ್ಚುತ್ತದೆ. ಎರಡರ 19ನೇ ಘಾತದಿಂದ ಎರಡರ 5ನೇ ಘಾತ ಕಳೆದರೆ, ಅಂದರೆ 5,24,288ರಿಂದ 32 ತೆಗೆದರೆ, ಉಳಿಯುವುದು ಇದೇ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ ಹದಿನಾಲ್ಕು ಒಂದು, ಆಮೇಲೆ ಐದು ಸೊನ್ನೆ. ಅವಿಭಾಜ್ಯ ಅಪವರ್ತನಗಳು ಐದು ಬಾರಿ 2, ಮತ್ತೆ 3, 43, 127. ಭಾಜಕಗಳು 48. ಅಂಕಿಗಳ ಮೊತ್ತ 24, ಅದೂ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾಗಿ ದೇವಳಾಲಿಯ ಶಾಲಾ ಮಾಸ್ತರ ಡಿ.ಆರ್. ಕಾಪ್ರೇಕರ್ ಗುರುತಿಸಿದ ‘ಹರ್ಷದ’ ಸಂಖ್ಯೆಗಳ ಗುಂಪಿಗೆ ಸೇರುತ್ತದೆ. ಅಣೆಕಟ್ಟೆಯ ಈಗಿನ ಎತ್ತರ 5,19,600 ಮಿಲಿಮೀಟರಿಗೆ ಆ ಭಾಗ್ಯವಿಲ್ಲ ಎಂಬುದನ್ನು ಸಂಖ್ಯೆ ಕೇಳದಿದ್ದರೂ ಹೇಳಿತು.

ಪ್ರಶ್ನೆ ಕೇಳುವವರಿಗೋ ಅಡಿಯದೇ ಹುಚ್ಚು. ಒಂದು ಅಡಿಗೆ 304.8 ಮಿಲಿಮೀಟರ್, ಅದನ್ನು 1,720ರಿಂದ ಗುಣಿಸಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ 5,24,256. 43 ಬಂದದ್ದು 1,720ರಿಂದ, 127 ಬಂದದ್ದು ಇಂಚಿನ 25.4 ಮಿಲಿಮೀಟರಿನಿಂದ. ಸಾವಿರದ ಏಳುನೂರ ಇಪ್ಪತ್ತು ಅಡಿ ಎಂದಿದ್ದರೆ ಜಮಖಂಡಿಯ ಸಂತೆಯಲ್ಲೂ ತಿಳಿಯುತ್ತಿತ್ತಲ್ಲವೇ? ಏರಿಕೆ 4,656 ಮಿಲಿಮೀಟರ್ ಎನ್ನುವ ಬದಲು ಸುಮಾರು ಹದಿನೈದೂಕಾಲು ಅಡಿ ಎಂದಿದ್ದರೆ ನೀರು ಎಲ್ಲಿಗೆ ಮುಟ್ಟುತ್ತದೆಂದು ಜನ ಗೋಡೆ ನೋಡಿಯೇ ಹೇಳುತ್ತಿದ್ದರಲ್ಲವೇ? ಮುಧೋಳದಲ್ಲಿ ಘಟಪ್ರಭೆಯ ಹೊಳೆಯನ್ನು ಯಾರಾದರೂ ಮಿಲಿಮೀಟರಿನಲ್ಲಿ ಅಳೆದದ್ದುಂಟೇ?

“ಎರಡರ ಘಾತದಾಗ ಹುಟ್ಟಿದಾಂವ ನಾ. ಅಡಿ-ಗಿಡಿ ನನಗ ಹಚ್ಚಬ್ಯಾಡ್ರಿ.”

ಕೃಷ್ಣಾ ನೀರಿನ ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಈ ಎತ್ತರಕ್ಕೆ ಒಪ್ಪಿದ್ದು 2010ರ ಡಿಸೆಂಬರ್ 30ರಂದು. 2013ರ ವರದಿಯಲ್ಲೂ ಅದು ಉಳಿಯಿತು. ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ತಡೆಯ ಬಗ್ಗೆ ಸಂಖ್ಯೆಯ ಪ್ರತಿಕ್ರಿಯೆ: “2011 ಅವಿಭಾಜ್ಯ ಐತ್ರಿ. ಯಾರಿಗೂ ಒಡೀಲಿಕ್ಕೆ ಬರೂದಿಲ್ಲ.” ಎತ್ತರ ಏರಿದರೆ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರಕ್ಕೆ ಪ್ರವಾಹ ಹೆಚ್ಚುವುದೇ ಎಂಬ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಮುಳುಗಡೆ ಪಟ್ಟಿಯಲ್ಲಿರುವ ಮನೆಗೆ ಗಿಲಾಯಿ ಮಾಡಿಸುವುದೋ ಬಿಡುವುದೋ? ಆ ಹೊಲವನ್ನು ಯಾರು ಕೊಳ್ಳುತ್ತಾರೆ? ತೀರ್ಪು ಬಂದ ವರ್ಷ ಹುಟ್ಟಿದ ಮಗು ಹೈಸ್ಕೂಲು ಸೇರಿತು. ಅಪ್ಪನಿಗೆ ತನ್ನ ಊರು ಇರುತ್ತದೋ ಇಲ್ಲವೋ ಹೇಳುವವರಿಲ್ಲ. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸ್ವತಃ ಹಣ ಕೂಡಿಸಿ, ಕಲ್ಲುಮಣ್ಣು ಹೊತ್ತು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಸರ್ಕಾರಗಳಿಗೆ ಒಂದು ಅಧಿಸೂಚನೆ ಹೊರಡಿಸಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ ದರ ಒಪ್ಪಿದಾಗಲೂ ಗೆಜೆಟ್ ಬಂದಿರಲಿಲ್ಲ.