ಮುಖಾಕೃತಿ, ಊರ್ಧ್ವಶ್ವಾಸಮಾರ್ಗ ಮತ್ತು ಓಷ್ಠಪರಿಮಾಣ: ಒಂದು ಸಹಸಂಬಂಧಾತ್ಮಕ ಅನುಸಂಧಾನ

ಮುಖದ ನಡುವೆ ಮೂಗೆಂಬ ಅವಯವವಿದ್ದು ಅದರ ಮೂಲಕ ಉಸಿರು ಒಳಹೋಗುವುದೆಂದು ಪೂರ್ವಸೂರಿಗಳು ಊಹಿಸಿದ್ದುಂಟು. ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯುವವರೆಗೆ ಆ ಊಹೆ ಅಂಗೀಕಾರಾರ್ಹವಲ್ಲ. ಆದುದರಿಂದ ಪ್ರಸ್ತುತ ಪ್ರಬಂಧ.

ವರ್ಗೀಕರಣ: ಮುಖಗಳು ಮೂರು ವಿಧ. ದೀರ್ಘವದನ, ಮಧ್ಯಮವದನ, ಹ್ರಸ್ವವದನ. ಅಜ್ಜಿಯರು ಕೋಲುಮುಖ, ದುಂಡುಮುಖ ಎಂದು ಇದನ್ನೇ ಹೇಳುತ್ತಿದ್ದರಾದರೂ ಅವರ ಬಳಿ ಎಥಿಕ್ಸ್ ಕಮಿಟಿಯ ಪತ್ರವಿರಲಿಲ್ಲ. ದೀರ್ಘವದನದಲ್ಲಿ ಮತ್ತೆ ಮೂರು ಉಪವರ್ಗ: ಹುಟ್ಟಾ ಉದ್ದವಾದದ್ದು, ಮೂಗಿನ ಹಿಂದಣ ಅಡಿನಾಯ್ಡ್ ಬೆಳೆದು ಬಾಯಲ್ಲಿ ಉಸಿರಾಡಿ ಉದ್ದವಾಯಿತೆಂದು ಶಂಕಿಸಲಾದದ್ದು, ಗೈಡ್ ಮಹೋದಯರು ಅದೇ ಅಧ್ಯಾಯವನ್ನು ಮತ್ತೆ ಮರಳಿಸಿದಾಗ ಉದ್ದವಾದದ್ದು. ಮಿಕ್ಕ ವರ್ಗಗಳಿಗೂ ಉಪವರ್ಗಗಳಿವೆ. ನನಗೆ ಸಾಕಾಯಿತು, ಬೇಕಾದವರು ಮಾಡಿಕೊಳ್ಳಲಿ.

ವಿಧಾನ: 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೊಫ್ರಾತ್ ತಲೆ ಅಲುಗದಂತೆ ಹಿಡಿದು ಪಕ್ಕದಿಂದ ಎಕ್ಸ್‌ರೇ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಕೊಳವೆಯಂಥ ಗಂಟಲು ಅದರಲ್ಲಿ ಚಪ್ಪಟೆ ನೆರಳಾಗಿ ಬೀಳುತ್ತದೆ, ಎಡಬಲದ ಅಗಲ ಕಾಣುವುದೇ ಇಲ್ಲ. ಕಾಣದ್ದರ ಬಗ್ಗೆ ಮೌನವಾಗಿದ್ದು, ಕಂಡದ್ದನ್ನು ಮಿಲಿಮೀಟರಿನ ಎರಡನೇ ದಶಮಾಂಶದವರೆಗೆ ಅಳೆಯುವುದೇ ವೈಜ್ಞಾನಿಕತೆ. ಬಾಯಲ್ಲಿ ಉಸಿರಾಡಿದರೆ ಮುಖ ಬದಲಾಗುವುದೇ ಎಂದು ಹಾರ್‌ವೋಲ್ಡ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಮಂಗಗಳ ಮೂಗು ಮುಚ್ಚಿ ನೋಡಿದರು. ಮುಖಗಳೇನೋ ಬದಲಾದವು, ಆದರೆ ಎಲ್ಲ ಮಂಗಗಳದೂ ಒಂದೇ ಬಗೆಯಲ್ಲಲ್ಲ. ಮಂಗಗಳಿಗೆ ಸಂಖ್ಯಾಶಾಸ್ತ್ರ ತಿಳಿಯದು.

ಓಷ್ಠವಿಚಾರ: ಅಮೆರಿಕದ ದಂತವೈದ್ಯ ರಿಕೆಟ್ಸ್ ಮೂಗಿನ ತುದಿಯಿಂದ ಗದ್ದಕ್ಕೆ ಒಂದು ಸೌಂದರ್ಯರೇಖೆ ಎಳೆದರು. ತುಟಿಗಳು ಅದರ ಹಿಂದಿರತಕ್ಕದ್ದು. ಬಿಳಿಯರ ಮುಖ ನೋಡಿ ಹಾಕಿದ ಆ ಬೇಲಿಯನ್ನು ನಮ್ಮಲ್ಲಿ ಅನೇಕರ ತುಟಿಗಳು ಹುಟ್ಟಿನಿಂದಲೇ ಒತ್ತುವರಿ ಮಾಡಿವೆ. ತೆರವಿಗೆ ನಾಲ್ಕು ಹಲ್ಲು ಕೀಳುವುದು ವಾಡಿಕೆ.

ನಗುವುದು ಇಲ್ಲಿಗೆ ಸಾಕು. ಬ್ರಿಟಿಷ್ ಭಾರತದ 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಕೂಡ ಅಳತೆಗೋಲು ಹಿಡಿದೇ ಬಂದಿದ್ದ. ಮೂಗು ಅಗಲವಾದಷ್ಟೂ ಜಾತಿಯ ಅಂತಸ್ತು ಕೆಳಗೆಂದು ಬರೆದ. ಅವನ ಬಳಿಯೂ ಕೋಷ್ಟಕಗಳಿದ್ದವು, ಸರಾಸರಿಗಳಿದ್ದವು. ಯಾರದೋ ಮೂಗನ್ನು ಇಕ್ಕಳಕ್ಕೆ ಸಿಕ್ಕಿಸಿ ಅವರ ಯೋಗ್ಯತೆ ಹೇಳುವ ಧೈರ್ಯ ಅವನಿಗೆ ಬಂದದ್ದು ಆ ಅಂಕಿಗಳಿಂದಲೇ. ಇವತ್ತಿಗೂ ಮುಖದ ಅಳತೆ ಹಿಡಿದು "ಜನಾಂಗೀಯ ಮಾನದಂಡ" ಎಂದು ಥೀಸಿಸ್ ಬರೆಯುವವರಿಗೆ ಆ ಹೆಸರು ಒಮ್ಮೆಯೂ ನೆನಪಾಗುವುದಿಲ್ಲವೆ?

ಇತ್ತ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಬಾಯಿ ತೆರೆದು ತೂಕಡಿಸುತ್ತಾನೆ. ರಾತ್ರಿಯೆಲ್ಲ ಉಸಿರು ಕಟ್ಟಿ ಎಚ್ಚರವಾಗಿರುತ್ತದೆ. ಮೇಷ್ಟರ ಪಾಲಿಗೆ ಅವನು ದಡ್ಡ. ಪ್ರಬಂಧದ ಪಾಲಿಗೆ ಮಾದರಿ, ದೀರ್ಘವದನ. ಕೊನೆಯ ಪುಟದಲ್ಲಿ "ಹೆಚ್ಚಿನ ಅಧ್ಯಯನ ಅಗತ್ಯ" ಎಂದಿರುತ್ತದೆ. ಅವನಿಗೆ ಅಗತ್ಯವಿದ್ದದ್ದು ಚಿಕಿತ್ಸೆ.

ನಿಮ್ಮ ಮಗು ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ, ನಡುವೆ ಉಸಿರು ನಿಂತಂತಾಗುತ್ತಿದ್ದರೆ, ದಯವಿಟ್ಟು ಮುಖದ ಆಕಾರ ನೋಡುತ್ತ ಕೂರಬೇಡಿ. ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.