ಬಿಲ್ ಬರುವವರೆಗೆ ಪಾರ್ಟ್ನರ್

ಹೊಸ ಮಿಕ್ಸಿ ಮಾರುಕಟ್ಟೆಗೆ ತರುವುದೆಂದು ತೀರ್ಮಾನವಾದ ಮರುದಿನವೇ ಪೀಣ್ಯಕ್ಕೆ ಹೊರಡಿ. ಎರಡು ಲೇತು, ಒಂದು ಸಿಎನ್‌ಸಿ ಇಟ್ಟುಕೊಂಡು ಮೌಲ್ಡ್ ಮಾಡುವವರೊಬ್ಬರು ಯಾವುದಾದರೂ ಕ್ರಾಸಿನಲ್ಲಿ ಸಿಗುತ್ತಾರೆ. ಕೈಗೆ ಗ್ರೀಸ್ ಮೆತ್ತಿದವರನ್ನೇ ಆರಿಸಿ. ಇಸ್ತ್ರಿ ಶರ್ಟಿನವರು ಕರಾರನ್ನು ಓದಿಬಿಡುತ್ತಾರೆ. ಮೊದಲ ಕಾಫಿಗೇ 'ಪಾರ್ಟ್ನರ್' ಎಂದು ಕರೆಯಿರಿ. ಆ ಪದಕ್ಕೆ ಜಿಎಸ್‌ಟಿ ಇಲ್ಲ.

ಡ್ರಾಯಿಂಗ್ ಹರಡಿ ಸಲಹೆ ಕೇಳಿ. "ಸಾರ್, ಈ ಮೂಲೆ ಇಷ್ಟು ಚೂಪಿದ್ರೆ ಬಿರುಕು ಬಿಡುತ್ತೆ, ಸ್ವಲ್ಪ ರೇಡಿಯಸ್ ಕೊಡಿ" ಎಂದು ಪೆನ್ಸಿಲ್‌ನಲ್ಲಿ ತಿದ್ದುತ್ತಾರೆ. ತಿದ್ದಿದ್ದರ ಫೋಟೊ ಹೊಡೆದು ಇನ್ನಿಬ್ಬರಿಂದ ಕೊಟೇಶನ್ ತರಿಸಿ. ಅದನ್ನು ತೋರಿಸಿ ಇವರ ರೇಟನ್ನೇ ಇಳಿಸಿ.

ಸ್ಟೀಲು ಕಡಿದು ಮೌಲ್ಡ್ ಸಿದ್ಧವಾಗುವವರೆಗೆ ಪ್ಲಾಸ್ಟಿಕ್ ಬದಲಿಸುವ ಮಾತೆತ್ತಬೇಡಿ. ಇಲ್ಲಿ ಅವಸರಪಟ್ಟು ಕೆಟ್ಟವರನ್ನು ಕಂಡಿದ್ದೇನೆ. ಎಬಿಎಸ್ ಆರುವಾಗ 100 ಮಿ.ಮೀ.ಗೆ ಸುಮಾರು ಅರ್ಧ ಮಿ.ಮೀ. ಕುಗ್ಗುತ್ತದೆ, ಪಾಲಿಪ್ರೊಪಿಲೀನ್ ಒಂದೂವರೆಯ ಆಸುಪಾಸು. ಅರ್ಧದ ಲೆಕ್ಕದಲ್ಲಿ ಮೌಲ್ಡ್ ಮುಗಿದ ಮೇಲೆ ತಳದ ಮುಚ್ಚಳವೊಂದನ್ನು ಪಾಲಿಪ್ರೊಪಿಲೀನ್‌ಗೆ ಬದಲಿಸಿ. ಕಿಲೋಗೆ ನಾಲ್ಕು ಕಾಸು ಉಳಿಯುತ್ತದೆ. ಟ್ರಯಲ್ ದಿನ 200 ಮಿ.ಮೀ. ಮುಚ್ಚಳ ಎರಡು ಮಿ.ಮೀ. ಗಿಡ್ಡ. ಒಂದು ಸ್ಕ್ರೂ ಕೂತರೆ ಎದುರಿನ ತೂತು ಗೋಡೆ ನೋಡುತ್ತದೆ. ಅವರು ಅಂಗೈಯಿಂದ ಒತ್ತಿ, ಗುದ್ದಿ, ಕೊನೆಗೆ ನಿಮ್ಮ ಮುಖ ನೋಡುತ್ತಾರೆ. ನೀವು ಫೋನ್ ನೋಡಿ. ಮೌಲ್ಡ್ ತಿದ್ದುವ ಖರ್ಚು 'ಕಲಿಕೆಯ ಭಾಗ' ಎಂದು ತಿಳಿಹೇಳಿ. ಕಲಿಯುವವರು ಅವರು.

ಈಗ ಹಣದ ವಿಷಯ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯವರಿಗೆ 45 ದಿನ ಮೀರದಂತೆ ಹಣ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಾಬರಿಯಾಗದೆ ಮುಂದೆ ಓದಿ. ಮಾಲು ಬಂದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಎತ್ತಿದರೆ, ಆ ದೋಷ ಸರಿಹೋದ ದಿನದಿಂದಷ್ಟೇ ಎಣಿಕೆ. ಆದ್ದರಿಂದ 14ನೇ ದಿನ ಸಂಜೆ ಮೇಲ್ ಹಾಕಿ: "ಬಣ್ಣ ಒಂದು ಛಾಯೆ ಮಂಕಾಗಿದೆ." ಯಾವ ಬೆಳಕಿನಲ್ಲಿ ಎಂದು ಬರೆಯಬೇಡಿ.

ಬಿಡುಗಡೆಯ ವೇದಿಕೆಯಲ್ಲಿ ವಿನ್ಯಾಸ ಪೂರ್ತಿ ನಮ್ಮದೇ ಎನ್ನಿ. ಗೇಟಿನ ರಿಜಿಸ್ಟರಿನಲ್ಲಿ 'ವೆಂಡರ್' ಎಂದು ಬರೆಸಿಕೊಂಡು ಅವರು ಬೆಂಚಿನ ಮೇಲೆ ಕೂತಿದ್ದರೆ, ಹಿಂಬಾಗಿಲಿನಿಂದ ಊಟಕ್ಕೆ ಹೋಗಿ.

ಮೊದಲ ಲಾಟು ಖಾಲಿಯಾಗಿ ಡೀಲರುಗಳು ಇನ್ನಷ್ಟು ಕೇಳಿದಾಗ, ಮೌಲ್ಡ್ ಇನ್ನೂ ಅವರ ಶೆಡ್ಡಿನಲ್ಲೇ ಇರುವುದು ನೆನಪಾಗುತ್ತದೆ. ಶೆಡ್ಡಿಗೆ ಬೀಗ ಇರುವುದೂ. ಫೋನ್ ಮಾಡಿ. ಅವರು "ಹಲೋ" ಎನ್ನುವ ಮೊದಲೇ 'ಪಾರ್ಟ್ನರ್' ಎನ್ನಿ.