ಬೇಳೆ ಬೇಯದ ಬಡಾವಣೆ

ಬೆಂಗಳೂರಿನಲ್ಲಿ ಸೈಟು ಕೊಂಡ ಹೊಸತರಲ್ಲಿ ಊರಿನ ದಾಯಾದಿಯೊಬ್ಬರು, "ಅಲ್ಲೆಲ್ಲ ನಿನ್ನ ಬೇಳೆ ಬೇಯೂದಿಲ್ಲ ಮಾರಾಯ" ಎಂದಿದ್ದರು. ಹೊಟ್ಟೆಕಿಚ್ಚಿನ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ. ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ತೀರ್ಥಹಳ್ಳಿಯಿಂದ ಅಮ್ಮನನ್ನು ಕರೆತಂದ ಮೂರನೇ ದಿನ ಅವರ ಮಾತು ಅಕ್ಷರಶಃ ನಿಜವಾಯಿತು. ಕುಕ್ಕರು ಏಳು ಸಲ ಕೂಗಿತು. ಮುಚ್ಚಳ ತೆಗೆದರೆ ತೊಗರಿಬೇಳೆ ಒಂದಕ್ಕೊಂದು ತಾಗದೆ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಬಿಡಿಬಿಡಿಯಾಗಿ ಕೂತಿತ್ತು.

ಅಮ್ಮ ತನಿಖೆ ಶುರುಮಾಡಿದಳು. ಮೊದಲ ಆರೋಪಿ ಅಂಗಡಿಯವನು. ಹಳೇ ಬೇಳೆ ಕೊಟ್ಟಿದ್ದಾನೆಂದು ಅದನ್ನು ವಾಪಸು ಕಳಿಸಿ ಕಲಬುರಗಿ ತೊಗರಿಯನ್ನೇ ತರಿಸಿದ್ದಾಯಿತು. ಅದೂ ಬೇಯಲಿಲ್ಲ. ಎರಡನೇ ಆರೋಪಿ ಕುಕ್ಕರಿನ ಗ್ಯಾಸ್ಕೆಟ್ಟು. ಅದಕ್ಕೂ ಬದಲಿ ಬಂತು. ಮೂರನೇ ಆರೋಪಿಯ ಕಡೆಗೆ, ಅಂದರೆ ನನ್ನ ಹೆಂಡತಿಯ ಕಡೆಗೆ, ಅಮ್ಮನ ದೃಷ್ಟಿ ಹೊರಳುವಷ್ಟರಲ್ಲಿ ಪುಣ್ಯಕ್ಕೆ ಬಚ್ಚಲಿನಿಂದ ಹೊಸ ಸಾಕ್ಷಿ ಸಿಕ್ಕಿತು. ಸೋಪು ಎಷ್ಟು ಉಜ್ಜಿದರೂ ನೊರೆ ಬರುತ್ತಿರಲಿಲ್ಲ. ಒಡೆದ ಹಾಲಿನಂಥ ಬಿಳಿ ಗಸಿ ಮೈಗೆ ಹತ್ತುತ್ತಿತ್ತು. "ನೀರಲ್ಲೇ ಎಂತದೋ ಉಂಟು" ಎಂದು ಅಮ್ಮ ತೀರ್ಪು ಕೊಟ್ಟಳು. ಹೆಂಡತಿ ಆವತ್ತು ಸಂಜೆ ಗಣಪತಿ ಗುಡಿಗೆ ಹೋಗಿ ಬಂದಳು.

ನೀರಲ್ಲಿ ಇದ್ದದ್ದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನಮ್ಮ ಬೋರ್‌ವೆಲ್ ಸಾವಿರದ ನೂರೈವತ್ತು ಅಡಿ. ಅಷ್ಟು ಆಳದ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರು ಕಲ್ಲಿನ ಸಹವಾಸದಿಂದ ಕಲ್ಲಿನ ಗುಣವನ್ನೇ ಕಲಿತುಕೊಂಡು ಮೇಲೆ ಬರುತ್ತದೆ. ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಗಸಿಯಾಗುತ್ತದೆ. ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿದು ಹಿಡಿಯುವುದರಿಂದ ಬೇಳೆ ಒಡೆಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತಿಗೆ ಪಕ್ಕದ ಮನೆಯವರು ಹೇಳಿದ ಹಾಗೆ ಚಿಟಿಕೆ ಅಡುಗೆ ಸೋಡಾ ಹಾಕಿದೆವು. ಬೇಳೆ ಬೆಂದಿತು. ಸೋಪಿನಲ್ಲಿ ಬಾರದ ನೊರೆ ಸಾರಿನಲ್ಲಿ ಬಂತು.

ನೀರನ್ನು ಪರೀಕ್ಷೆಗೆ ಕೊಟ್ಟೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ ಆಗಬಹುದು ಎಂದಿದೆ. ಸರ್ಕಾರಿ ಭಾಷೆಯಲ್ಲಿ ಇಷ್ಟು ಕರುಣೆಯ ಸಾಲನ್ನು ನಾನು ಬೇರೆಲ್ಲೂ ಓದಿಲ್ಲ. ನಮ್ಮದು 640 ಬಂತು. ಗತಿಯಿಲ್ಲದವರಿಗಿಂತ ನಲವತ್ತು ಹೆಚ್ಚು.

ಈ ಅಂಕಿಯನ್ನು ಹಿಡಿದುಕೊಂಡು ನಾನು ಹೋದದ್ದು ಮೂರನೇ ಮನೆಯ ರಾಯರ ಬಳಿಗೆ. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅಂಕಿಯಿಲ್ಲದೆ ಬದುಕಲಾರದ ಜೀವ. ನಿವೃತ್ತರಾದ ಮೇಲೆ ಪೆನ್ನಿನಾಕಾರದ ಟಿಡಿಎಸ್ ಮೀಟರೊಂದನ್ನು ಕೊಂಡು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಯಾರ ಮನೆಗೆ ಹೋದರೂ ನೀರಿನ ಲೋಟ ಕೈಗೆ ಬಂದೊಡನೆ ಮೊದಲು ಮೀಟರು ಮುಳುಗುತ್ತಿತ್ತು, ಆಮೇಲೆ ತುಟಿ. ಆ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆ ಎನ್ನುವುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಲೆಕ್ಕ ಅಂದಾಜು ಮಾಡುತ್ತದೆಯೇ ಹೊರತು ಗಡಸು ಎಷ್ಟು, ಅಡುಗೆ ಉಪ್ಪು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಇದನ್ನು ರಾಯರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮಲ್ಲಿಗೆ ಬಂದಾಗ ಅಮ್ಮ ಕೊಟ್ಟ ಮಜ್ಜಿಗೆಗೂ ಅದನ್ನು ಅದ್ದಿದರು. ಉಪ್ಪು, ಇಂಗು, ಶುಂಠಿಗಳೆಲ್ಲ ಸೇರಿ ಅಂಕಿ ಎಲ್ಲಿಗೋ ಹಾರಿತು. "ಇದು ಕುಡಿಯೋಕೆ ಯೋಗ್ಯ ಅಲ್ಲಮ್ಮ" ಎಂದರು. ಅಮ್ಮ ಲೋಟ ವಾಪಸು ತೆಗೆದುಕೊಂಡಳು. ಆಮೇಲೆ ಅವರಿಗೆ ನಮ್ಮ ಮನೆಯಲ್ಲಿ ಮಜ್ಜಿಗೆ ಸಿಕ್ಕಿಲ್ಲ. ಗುಡಿಯಲ್ಲಿ ತೀರ್ಥಕ್ಕೂ ಅದ್ದಲು ಹೋದರೆಂದು ಸುದ್ದಿ. ಅರ್ಚಕರು ಅಂಗೈ ನೋಡಿ, "ಭಕ್ತಿ ಎಷ್ಟು ತೋರಿಸ್ತು ರಾಯರೇ?" ಎಂದು ಕೇಳಿದರಂತೆ.

ಅಷ್ಟರಲ್ಲಿ ಗೀಸರು ಕೆಟ್ಟಿತು. ಪ್ಲಂಬರ್ ಬಿಚ್ಚಿ ನೋಡಿದರೆ ಕಾಯಿಲಿಗೆ ಬೆರಳು ದಪ್ಪ ಬಿಳಿ ಕಲ್ಲು ಹತ್ತಿತ್ತು. ನೀರು ಕಾದಾಗ ಅದರೊಳಗಿನ ಬೈಕಾರ್ಬೊನೇಟು ಒಡೆದು ಸುಣ್ಣದ ಕಲ್ಲಾಗಿ ಕೂರುತ್ತದೆ. ಕುಟ್ಟಿ ತೆಗೆದ ಚೂರುಗಳು ಒಂದು ಮೊರದಷ್ಟಾದವು. ಅಮ್ಮ ಒಂದು ಚೂರನ್ನು ಬೆಳಕಿಗೆ ಹಿಡಿದು, "ಇದು ಎಲೆ ಅಡಿಕೆಗೆ ಆಗ್ತದಾ?" ಎಂದಳು. ಚೆನ್ನಾಗಿ ಸುಟ್ಟು ನೀರು ಹಾಕಿದರೆ ಆಗುತ್ತದೆ ಎಂದೆ. ಮಲೆನಾಡಿನ ಅಡಿಕೆ, ಬೆಂಗಳೂರಿನ ಸುಣ್ಣ. ಎಲೆಯೊಂದನ್ನು ಕೊಂಡರೆ ಸಾಕಿತ್ತು.

ಸಾಫ್ಟ್‌ನರ್ ಮಾರುವ ಹುಡುಗ ಬಂದದ್ದು ಈ ದುರ್ಬಲ ಗಳಿಗೆಯಲ್ಲಿ. ಎರಡು ಬಾಟಲಿಗೆ ಸೋಪಿನ ದ್ರಾವಣ ಬಿಟ್ಟು ಕುಲುಕಿದ. ನಮ್ಮ ನೀರು ಮುಖ ಗಂಟಿಕ್ಕಿತು, ಅವನ ನೀರು ಕುತ್ತಿಗೆ ತನಕ ನಕ್ಕಿತು. ಕೊಂಡೆವು. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳಿಗೆ ಸುಸ್ತಾದಾಗ ಮೂಟೆಯಿಂದ ಉಪ್ಪು ಸುರಿದು ತೊಳೆಯಬೇಕು. "ಉಪ್ಪು ನೀರು ಸರಿಯಾಗಲಿಕ್ಕೆ ಉಪ್ಪು ಹಾಕೂದಾ?" ಎಂದು ಅಮ್ಮ ಕೇಳಿದಾಗ ನನ್ನಲ್ಲಿ ರಸಾಯನಶಾಸ್ತ್ರವಿತ್ತು, ಉತ್ತರವಿರಲಿಲ್ಲ. ಮೆತ್ತಗಾದ ನೀರಿನಲ್ಲಿ ಮಿಂದರೆ ಮೈ ಜಾರುತ್ತದೆ, ಸೋಪು ಹೋದಂತೆಯೇ ಅನಿಸುವುದಿಲ್ಲ. ಅಮ್ಮ ಮೂರು ಬಕೆಟ್ ಖಾಲಿ ಮಾಡಿಯೂ "ಇನ್ನೂ ಲೋಳೆ ಲೋಳೆ" ಎನ್ನುತ್ತ ಹೊರಬಂದಳು. ಮರುದಿನ ಊರಿನಿಂದ ತಂದಿದ್ದ ಸೀಗೆಪುಡಿ, ಅಂಟುವಾಳದ ಡಬ್ಬಿ ಹೊರಬಿದ್ದವು. ಅವು ಸೋಪಿನ ಹಾಗೆ ಕ್ಯಾಲ್ಸಿಯಂ ಕಂಡು ಗಸಿಯಾಗುವುದಿಲ್ಲ. ಬೋರ್ ನೀರಿನಲ್ಲೂ ನೊರೆ ಕೊಟ್ಟವು. ನಾನು ಕೊಟ್ಟ ದುಡ್ಡಿನ ಮೊತ್ತವನ್ನು ಅಮ್ಮನಿಗೆ ಇಂದಿಗೂ ಹೇಳಿಲ್ಲ.

ಕುಡಿಯುವುದಕ್ಕೆ ಆರ್‌ಓ ಇತ್ತು. ಒಂದು ಕೊಡ ಒಳ್ಳೆಯ ನೀರು ಕೊಟ್ಟು ಮೂರು ಕೊಡ ಹೊರಗೆ ಬಿಡುವ ಯಂತ್ರ ಅದು. ಹಾಗೆ ಬಿಟ್ಟ ನೀರಿನಲ್ಲಿ ಅಮ್ಮ ನೆಲ ಒರೆಸಿದಳು. ಒಣಗಿದ ಮೇಲೆ ನೆಲದ ತುಂಬ ಬಿಳಿ ರಂಗೋಲಿ.

ಇಷ್ಟಕ್ಕೂ ನಮ್ಮ ಬಡಾವಣೆ ಇರುವುದು ಕನಕಪುರ ರಸ್ತೆಯ ಬದಿಗೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಿನಿಂದ ಪಂಪಿಗೆ ಏರುತ್ತ, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುವುದು ಇದೇ ದಾರಿಯಲ್ಲಿ. ಆಳೆತ್ತರದ ಕೊಳವೆಗಳಲ್ಲಿ ನಮ್ಮ ಮುಂದೆಯೇ ಹಾದುಹೋಗುತ್ತಾಳೆ, ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನ ಹಾಗೆ. 1974ರಲ್ಲಿ ಮೊದಲನೇ ಹಂತದ ನೀರು ಬಂದಾಗಿನಿಂದ ಕುಡಿಯುತ್ತಿರುವ ಬಸವನಗುಡಿಯ ಗೆಳೆಯನೊಬ್ಬ, "ನೀರಿನಲ್ಲಿ ಅಂಥಾದ್ದೇನಪ್ಪಾ ವಿಶೇಷ?" ಎಂದು ಕೇಳುತ್ತಾನೆ. ಅವನ ಮನೆಯಲ್ಲಿ ಬೇಳೆ ಮೂರನೇ ಕೂಗಿಗೆ ಬೇಯುತ್ತದೆ.

2024ರ ಬೇಸಿಗೆಯಲ್ಲಿ ಬೋರ್ ಕೂಡ ಕೈಕೊಟ್ಟಿತು. ಟ್ಯಾಂಕರಿನವನ ಮುಂದೆ ನಾವೆಲ್ಲ ವಿನಯ ಕಲಿತೆವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆಜ್ಞೆ ಹೊರಡಿಸಿತು. ನಮ್ಮ ಬಡಾವಣೆ ಹೆದರಲಿಲ್ಲ. ನಮ್ಮ ನೀರಿನಲ್ಲಿ ತೊಳೆದರೆ ದಂಡ ಕಾರಿಗೇ ಬೀಳುತ್ತಿತ್ತು. ಒಣಗಿದ ಮೇಲೆ ಮೈತುಂಬ ತೊನ್ನು.

ಅದೇ ವರ್ಷ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ನಮ್ಮದೂ ಆ ಪಟ್ಟಿಯಲ್ಲಿತ್ತು. ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಒಂದು ರಾತ್ರಿ ಮೂರು ಗಂಟೆಗೆ ಸಂಪಿನಲ್ಲಿ ಸದ್ದಾಯಿತು. ಬೀದಿಯವರೆಲ್ಲ ಎದ್ದು ಬಂದರು. ರಾಯರು ಲುಂಗಿಯ ಮೇಲೆ ಟಾರ್ಚು, ಮೀಟರು ಹಿಡಿದು ನಿಂತಿದ್ದರು. ಅಂಕಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಅದಕ್ಕೆ ಮೀಟರು ಹಿಡಿಯಲಿಲ್ಲ. ಅಮ್ಮ ಬೊಗಸೆಯಲ್ಲಿ ಹಿಡಿದು ಕುಡಿದಳು. ತುಂಗಾ ಪಾನ, ಗಂಗಾ ಸ್ನಾನ ಎನ್ನುತ್ತ ಬೆಳೆದವಳು. "ಆಸ್ಪತ್ರೆ ವಾಸನೆ" ಎಂದಳು. ಕ್ಲೋರಿನ್. ಇನ್ನೊಂದು ಬೊಗಸೆ ಕುಡಿದಳು.

ಮರುದಿನ ಅಭ್ಯಾಸಬಲದಿಂದ ಏಳು ಕೂಗು ಕೂಗಿಸಿದ್ದರಿಂದ ಬೇಳೆ ಗಂಜಿಯಾಯಿತು. ಸಂತೋಷದಲ್ಲಿ ಅದನ್ನೇ ಉಂಡೆವು.

ಈಗ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಎರಡೆರಡು ಗಂಟೆ ಕಾವೇರಿ ಬರುತ್ತಾಳೆ. ಸಂಪಿಗೆ ಬಿದ್ದು ಬೋರ್ ನೀರಿನ ಜೊತೆ ಬೆರೆಯುವ ಮೊದಲೇ ಅಮ್ಮ ಎರಡು ಕೊಡ ಹಿಡಿದು ತಟ್ಟೆ ಮುಚ್ಚಿ ಇಡುತ್ತಾಳೆ. ಅದು ಬೇಳೆಗೆ ಮೀಸಲು. ಕೇಳಿದರೂ ಕುಡಿಯಲು ಕೊಡುವುದಿಲ್ಲ. ನಮ್ಮ ಮನೆಗೆ ಊಟಕ್ಕೆ ಬರುವ ಮನಸ್ಸಿದ್ದರೆ ಆ ಎರಡು ದಿನಗಳಲ್ಲೇ ಬನ್ನಿ. ಬೇರೆ ದಿನ ಬಂದರೆ ಚಿತ್ರಾನ್ನ.